ಇದ್ದದ್ದನ್ನು ಇದ್ದ ಹಾಗೆ ಹೇಳುವ ಸ್ಪೀಕರ್

ಒಳ್ಳೆ ಸ್ಪೀಕರ್ ಅಂದ್ರೆ ಹೇಗಿರಬೇಕು ಅಂತ ಹಾಸ್ಟೆಲ್‌ನಲ್ಲಿ ಯಾರನ್ನೇ ಕೇಳಿ, ಮೊದಲು ಬರೋ ಉತ್ತರ "ಬೇಸ್ ಸಖತ್ತಾಗಿರಬೇಕು ಗುರು". ಎರಡನೇದು "ಎಷ್ಟು ವ್ಯಾಟ್?" ಮೂರನೇದು ಬೆಲೆ. "ಹಾಡಿದವರು ಹಾಡಿದ ಹಾಗೇ ಕೇಳಿಸುತ್ತಾ?" ಅನ್ನೋ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರಲ್ಲ. ನಿಜಕ್ಕೂ ಎಂಜಿನಿಯರಿಂಗ್ ಇರೋದು ಆ ಪ್ರಶ್ನೆಯಲ್ಲೇ. ಅದಕ್ಕೆ ಉತ್ತರ ಕೊಡೋಕೆ ಬೇಕಾದ ಗಣಿತವನ್ನು ನಾವು ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಓದಿ, ಪರೀಕ್ಷೆ ಬರೆದು, ಆಗಲೇ ಮರೆತಿರುತ್ತೇವೆ!

ಉಪ್ಪಾರಹಳ್ಳಿ ಕಡೆ ಬಾಡಿಗೆ ರೂಮಿನಲ್ಲಿರುವ ಒಬ್ಬ ವಿದ್ಯಾರ್ಥಿ ತನ್ನ 10×10 ಕೋಣೆಗೆ ತಟಸ್ಥವಾದ, ಅಂದರೆ ತನ್ನದೇನನ್ನೂ ಸೇರಿಸದ ಒಂದು ಜೊತೆ ಸ್ಪೀಕರ್ ಮಾಡಬೇಕಾದರೆ ಏನೇನು ಯೋಚಿಸಬೇಕು? ಈ ಲೇಖನದಲ್ಲಿ ಅದನ್ನು ಹಂತ ಹಂತವಾಗಿ, ಲೆಕ್ಕದ ಜೊತೆಗೆ ನೋಡೋಣ.

ದೂರ ಮುಟ್ಟಿಸೋದು ಬೇರೆ, ನಿಜ ಹೇಳೋದು ಬೇರೆ

1884ರಲ್ಲಿ ಶುರುವಾದ ನಮ್ಮ ಪಕ್ಕದ ಗುಬ್ಬಿ ಕಂಪನಿಯ ನಾಟಕಗಳನ್ನು ನೆನೆಸಿಕೊಳ್ಳಿ. ಆಗ ಮೈಕ್ ಇರಲಿಲ್ಲ. ನಟನ ಕಂಠ ಕೊನೇ ಸಾಲಿನವರೆಗೂ ಮುಟ್ಟಬೇಕಿತ್ತು. ಮೈಸೂರಿನ ಪಿಟೀಲು ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡದ್ದಕ್ಕೂ ಇದೇ ಕಾರಣ: ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೂ ನಾದ ಕೇಳಿಸಬೇಕು. ಆಮೇಲೆ ಮೈಕು, ಹಾರ್ನ್ ಸ್ಪೀಕರು ಬಂದು ದೂರದ ಸಮಸ್ಯೆ ಬಗೆಹರಿಯಿತು. ಗಣೇಶನ ಮೆರವಣಿಗೆಯ ಡಿಜೆ ಸೆಟ್ ಇವತ್ತಿಗೂ ಮಾಡೋದು ಅದೇ ಕೆಲಸ.

ಮನೆಯ ಸ್ಪೀಕರ್‌ಗೆ ಈ ಕಷ್ಟ ಇಲ್ಲ. ಕೇಳುಗ ಇರೋದು 2 ಮೀಟರ್ ದೂರದಲ್ಲಿ. ಅಲ್ಲಿ ಬೇಕಾದದ್ದು ಜೋರಲ್ಲ, ನಿಖರತೆ. ಆದರೂ ಅಂಗಡಿಗೆ ಹೋದರೆ ನಮಗೆ ಮಾರೋದು ಮೆರವಣಿಗೆಯ ಗುಣಗಳನ್ನೇ: ಡಬ್ಬದ ಮೇಲೆ ಸಾವಿರಗಟ್ಟಲೆ "ಪಿಎಂಪಿಒ" ವ್ಯಾಟ್, ಉಬ್ಬಿಸಿದ ಬೇಸ್, ಚುಚ್ಚುವ ಟ್ರೆಬಲ್. ಒಂದೂವರೆ ನಿಮಿಷದ ಡೆಮೊದಲ್ಲಿ ಅದು ಮಜವಾಗಿ ಕೇಳುತ್ತೆ. ಒಂದು ಗಂಟೆ ಕೇಳಿದರೆ ಕಿವಿ ಸುಸ್ತಾಗುತ್ತೆ.

ತಟಸ್ಥ ಅಂದರೆ ಏನು?

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಸ್ಪೀಕರ್ ಒಂದು ಸಿಸ್ಟಮ್. ಒಳಗೆ ವೋಲ್ಟೇಜ್ ಹೋಗುತ್ತೆ, ಹೊರಗೆ ಗಾಳಿಯ ಒತ್ತಡ ಬರುತ್ತೆ. 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ ಎಲ್ಲ ಆವರ್ತನಕ್ಕೂ ಒಂದೇ ಗೇನ್ ಇದ್ದರೆ, ಹೊಸ ಹಾರ್ಮೋನಿಕ್ ಹುಟ್ಟದಿದ್ದರೆ, ಸಿಗ್ನಲ್ ನಿಂತ ಮೇಲೂ ಕೋನ್ ಅಲುಗಾಡುತ್ತಾ ಇರದಿದ್ದರೆ, ಅದು ತಟಸ್ಥ. ಪುಸ್ತಕದ ವ್ಯಾಖ್ಯೆ ಇಷ್ಟೇ.

ಆದರೆ ಆಂಪ್ಲಿಫೈಯರ್‌ಗೂ ಸ್ಪೀಕರ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಆಂಪ್ಲಿಫೈಯರ್‌ಗೆ ಔಟ್‌ಪುಟ್ ಒಂದೇ ಜಾಗದಲ್ಲಿ. ಸ್ಪೀಕರ್ ಎಲ್ಲ ದಿಕ್ಕಿಗೂ ಸದ್ದು ಕಳಿಸುತ್ತೆ. ಹಾಗಾಗಿ ಅದಕ್ಕಿರೋದು ಒಂದು ಟ್ರಾನ್ಸ್‌ಫರ್ ಫಂಕ್ಷನ್ ಅಲ್ಲ, ಒಂದೊಂದು ದಿಕ್ಕಿಗೂ ಒಂದೊಂದು. ಎದುರಿಗೆ ಕೂತವನಿಗೆ ನೇರವಾಗಿ ಬರೋದು ಒಂದು. ಪಕ್ಕದ ಗೋಡೆಗೆ, ನೆಲಕ್ಕೆ, ಸೀಲಿಂಗಿಗೆ ಬಡಿದು ಕೆಲವು ಮಿಲಿಸೆಕೆಂಡ್ ತಡವಾಗಿ ಬರೋದು ಬೇರೆ ಹಲವು. ಕಿವಿಗೆ ಇವೆಲ್ಲ ಸೇರಿಯೇ ಒಂದು ಧ್ವನಿಯಾಗಿ ಕೇಳಿಸುತ್ತೆ. ನೇರ ಸದ್ದು ಚೆನ್ನಾಗಿದ್ದು, ಪಕ್ಕಕ್ಕೆ ಹೋದ ಸದ್ದು ಕೆಟ್ಟಿದ್ದರೆ, ಒಟ್ಟು ಧ್ವನಿಯೂ ಕೆಟ್ಟಂತೆಯೇ.

ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ಇದನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಸ್ಪೀಕರ್‌ಗಳನ್ನು ಪರದೆಯ ಹಿಂದೆ ಇಟ್ಟು, ಬ್ರ್ಯಾಂಡ್, ಬೆಲೆ, ಗಾತ್ರ ಒಂದೂ ಕಾಣದ ಹಾಗೆ ಮಾಡಿ, ಕೇಳುಗರಿಂದ ಅಂಕ ಹಾಕಿಸಿದರು. 1985–86ರಲ್ಲಿ ಪ್ರಕಟವಾದ ಅವರ ಪ್ರಬಂಧಗಳ ತಾತ್ಪರ್ಯ ಹೀಗಿದೆ: ಕಣ್ಣಿಗೆ ಏನೂ ಕಾಣದಾಗ ಹೆಚ್ಚಿನವರು ಆರಿಸೋದು ಎದುರಿಗೆ ಸಮತಟ್ಟಾದ, ಪಕ್ಕಕ್ಕೆ ಹೋದಂತೆ ನುಣುಪಾಗಿ ಇಳಿಯುವ ರೆಸ್ಪಾನ್ಸ್ ಇರುವ ಸ್ಪೀಕರನ್ನೇ. 2004ರಲ್ಲಿ ಹರ್ಮನ್ ಕಂಪನಿಯ ಶಾನ್ ಆಲಿವ್ 70 ಸ್ಪೀಕರ್‌ಗಳ ಅಳತೆಯನ್ನು ಕೇಳುಗರ ಅಂಕದ ಜೊತೆ ಹೋಲಿಸಿದರು. ಅಳತೆಯಿಂದ ಊಹಿಸಿದ ಅಂಕಕ್ಕೂ ನಿಜವಾಗಿ ಬಂದ ಅಂಕಕ್ಕೂ ಸಹಸಂಬಂಧ 0.86. ಅಂದರೆ "ನಂಗೆ ಇಷ್ಟ, ನಿಂಗೆ ಇಷ್ಟ ಇಲ್ಲ, ಅಷ್ಟೇ" ಅನ್ನೋ ಮಾತು ಪೂರ್ತಿ ನಿಜವಲ್ಲ. ಇಷ್ಟದ ಬಹುಪಾಲನ್ನು ಅಳತೆಯಿಂದಲೇ ಹೇಳಬಹುದು.

ಇಂದು ಇದಕ್ಕೊಂದು ಮಾನದಂಡವೇ ಇದೆ. ಸ್ಪೀಕರ್ ಸುತ್ತ ಅಡ್ಡಕ್ಕೂ ಉದ್ದಕ್ಕೂ 10 ಡಿಗ್ರಿಗೊಂದರಂತೆ ಒಟ್ಟು 70 ಅಳತೆ ತೆಗೆದು, ಅದರಿಂದ ನೇರ ಸದ್ದು, ಮೊದಲ ಪ್ರತಿಫಲನಗಳು, ಒಟ್ಟು ಶಕ್ತಿ ಇವನ್ನು ಬೇರೆ ಬೇರೆ ಗೆರೆಗಳಾಗಿ ಬರೆಯುತ್ತಾರೆ. ಆ ಚಿತ್ರಕ್ಕೆ "ಸ್ಪಿನೊರಾಮಾ" ಅಂತ ಹೆಸರು. ಸ್ಪೀಕರ್ ಕೊಳ್ಳುವ ಮುಂಚೆ ವ್ಯಾಟ್ ಹುಡುಕೋ ಬದಲು ಈ ಚಿತ್ರ ಹುಡುಕಿ.

ಹಳ್ಳಿಯೋ ಹಲ್ಲಿಯೋ

ತಟಸ್ಥತೆಯಿಂದ ನಮಗೇನು ಲಾಭ ಅಂತೀರಾ? ನಮ್ಮ ಭಾಷೆಯಿಂದಲೇ ಉದಾಹರಣೆ ತಗೊಳ್ಳೋಣ. "ಹಳ್ಳಿ" ಮತ್ತು "ಹಲ್ಲಿ". ಲ ಮತ್ತು ಳ ಎರಡನ್ನೂ ಕಿವಿ ಬೇರೆ ಮಾಡೋದು ಬಹುಮಟ್ಟಿಗೆ ಮೂರನೇ ಫಾರ್ಮೆಂಟ್‌ನಿಂದ. ನಾಲಿಗೆ ಹಿಂದಕ್ಕೆ ಮಡಚಿ ಳ ಹೇಳಿದಾಗ ಆ ಫಾರ್ಮೆಂಟ್ ಕೆಳಗಿಳಿಯುತ್ತೆ. ಈ ಆಟ ನಡೆಯೋದು ಸುಮಾರು 2ರಿಂದ 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಹಾಗೇ "ಸಾಲು" ಮತ್ತು "ಶಾಲು": ಶ ಅಕ್ಷರದ ಸದ್ದಿನ ಶಕ್ತಿ ಸುಮಾರು 3 ಕಿಲೋಹರ್ಟ್ಸ್ ಸುತ್ತ ಶುರುವಾಗುತ್ತೆ, ಸ ಅಕ್ಷರದ್ದು ಅದಕ್ಕಿಂತ ಸಾಕಷ್ಟು ಮೇಲೆ.

ಈಗ ನೋಡಿ, ಸಾಮಾನ್ಯ ಟೂ-ವೇ ಸ್ಪೀಕರ್‌ನಲ್ಲಿ ವೂಫರ್ ಕೆಲಸ ನಿಲ್ಲಿಸಿ ಟ್ವೀಟರ್ ಕೈಗೆ ಕೊಡೋದೂ 2ರಿಂದ 3 ಕಿಲೋಹರ್ಟ್ಸ್‌ನಲ್ಲೇ! ಆ ಜೋಡಣೆ ಸರಿಯಿಲ್ಲದೆ ಅಲ್ಲೊಂದು ಗುಂಡಿ ಬಿದ್ದರೆ, ಸಂದರ್ಭದಿಂದ ಪದ ಅರ್ಥವಾದರೂ ಕಿವಿ ಹೆಚ್ಚು ಕಷ್ಟಪಡಬೇಕು. ಆನ್‌ಲೈನ್ ಪಾಠ ಕೇಳಿ ಅರ್ಧ ಗಂಟೆಗೆ ತಲೆನೋವು ಬರೋದಕ್ಕೆ ಇದೂ ಒಂದು ಕಾರಣ ಇರಬಹುದು.

ಸಂಗೀತಕ್ಕೆ ಬಂದರೆ ಮೃದಂಗ. ಸಾಮಾನ್ಯ ಚರ್ಮವಾದ್ಯದ ಮೇಲ್ಸ್ವರಗಳು ಮೂಲಸ್ವರದ ಪೂರ್ಣ ಗುಣಕಗಳಲ್ಲ, ಅದಕ್ಕೇ ಅದರಲ್ಲಿ ಸ್ಪಷ್ಟ ಶ್ರುತಿ ಕೇಳಿಸಲ್ಲ. ನಮ್ಮ ಮೃದಂಗದ ಬಲಗಡೆಯ ಕಪ್ಪು ಕರಣೆ ಆ ಮೇಲ್ಸ್ವರಗಳನ್ನು ಎಳೆದು ತಂದು ಹಾರ್ಮೋನಿಕ್ ಸಾಲಿನಲ್ಲಿ ಕೂರಿಸುತ್ತೆ. ಇದನ್ನು ತೋರಿಸಿದವರು ಸಿ. ವಿ. ರಾಮನ್. 1920ರಲ್ಲಿ ಮೊದಲು ಬರೆದು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿವರವಾದ ಪ್ರಬಂಧ ಪ್ರಕಟಿಸಿದರು. ಆ ಮೇಲ್ಸ್ವರಗಳ ನಡುವಿನ ಪ್ರಮಾಣವೇ ನಾದ. ಸ್ಪೀಕರ್ ಅದರಲ್ಲಿ ಒಂದನ್ನು 6 ಡೆಸಿಬೆಲ್ ಎತ್ತಿ, ಇನ್ನೊಂದನ್ನು 6 ಡೆಸಿಬೆಲ್ ಇಳಿಸಿದರೆ ತಾಳ ಕೇಳುತ್ತೆ, ಮೃದಂಗ ಮಾತ್ರ ಡಬ್ಬ ಆಗುತ್ತೆ.

ಇನ್ನೊಂದು, ನಮ್ಮಲ್ಲಿ ಕಿರುಚಿತ್ರ ಮಾಡುವವರು, ಹಾಡು ಮಿಕ್ಸ್ ಮಾಡುವವರು ತುಂಬ ಜನ ಇದ್ದಾರೆ. ಬೇಸ್ ಉಬ್ಬಿಸುವ ಸ್ಪೀಕರ್‌ನಲ್ಲಿ ಮಿಕ್ಸ್ ಮಾಡಿದರೆ ಏನಾಗುತ್ತೆ? "ಬೇಸ್ ಜಾಸ್ತಿ ಆಯ್ತು" ಅಂತ ನೀವೇ ಕಡಿಮೆ ಮಾಡ್ತೀರಿ. ಬೇರೆ ಕಡೆ ಹಾಕಿದಾಗ ಹಾಡು ಬಡಕಲಾಗಿ ಕೇಳುತ್ತೆ. ರೆಕಾರ್ಡಿಂಗ್ ಸರಿ ಇದೆಯಾ ಅಂತ ಸ್ಪೀಕರ್‌ನಿಂದ ನೋಡೋದು, ಸ್ಪೀಕರ್ ಸರಿ ಇದೆಯಾ ಅಂತ ರೆಕಾರ್ಡಿಂಗ್‌ನಿಂದ ನೋಡೋದು. ಟೂಲ್ ಇದನ್ನು "ಗೊಂದಲದ ವೃತ್ತ" ಅಂತ ಕರೆದರು. ಈ ವೃತ್ತ ಮುರಿಯೋಕೆ ಎಲ್ಲೋ ಒಂದು ಕಡೆ ನಂಬಬಹುದಾದ ಅಳತೆಗೋಲು ಬೇಕು.

ಮೊದಲು ಡಬ್ಬ

ಕಾಯಿಲ್, ಮ್ಯಾಗ್ನೆಟ್, ಕಾಗದದ ಕೋನ್ ಇರುವ ಸ್ಪೀಕರನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ 1925ರಲ್ಲಿ ವಿವರಿಸಿದರು. ನೂರು ವರ್ಷ ಆದರೂ ಮೂಲ ವಿನ್ಯಾಸ ಅದೇ. ಕೋನ್ ಮುಂದೆ ಬಂದಾಗ ಹಿಂದೆ ಒತ್ತಡ ಕಡಿಮೆಯಾಗುತ್ತೆ. ಡಬ್ಬ ಇಲ್ಲದಿದ್ದರೆ ಮುಂದಿನ, ಹಿಂದಿನ ಸದ್ದು ಒಂದನ್ನೊಂದು ರದ್ದು ಮಾಡಿಕೊಂಡು ಬೇಸ್ ಮಾಯ. ಅದಕ್ಕೇ ಡಬ್ಬ.

ಡಬ್ಬ ಎಷ್ಟು ದೊಡ್ಡದಿರಬೇಕು ಅನ್ನೋದು ಬಹುಕಾಲ ಅಂದಾಜಿನ ವಿಷಯವಾಗಿತ್ತು. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, 1970ರ ದಶಕದ ಮೊದಲಲ್ಲಿ ರಿಚರ್ಡ್ ಸ್ಮಾಲ್ ಸೇರಿ ಇದನ್ನು ಫಿಲ್ಟರ್ ಸಿದ್ಧಾಂತಕ್ಕೆ ತಂದರು. ಡಬ್ಬದೊಳಗಿನ ವೂಫರ್ ಒಂದು ಹೈ-ಪಾಸ್ ಫಿಲ್ಟರ್, ಅಷ್ಟೇ. ಡ್ರೈವರ್‌ನ ಡೇಟಾಶೀಟ್‌ನಲ್ಲಿ ಮೂರು ಸಂಖ್ಯೆ ನೋಡಿ: ಅನುರಣನ ಆವರ್ತನ ಎಫ್‌ಎಸ್, ಒಟ್ಟು ಕ್ಯೂ ಆದ ಕ್ಯೂಟಿಎಸ್, ಕೋನ್‌ನ ಸ್ಪ್ರಿಂಗ್‌ಗೆ ಸಮನಾದ ಗಾಳಿಯ ಗಾತ್ರ ವಿಎಎಸ್.

ಒಂದು 5 ಇಂಚಿನ ವೂಫರ್ ಅಂದುಕೊಳ್ಳಿ. ಎಫ್‌ಎಸ್ 50 ಹರ್ಟ್ಸ್, ಕ್ಯೂಟಿಎಸ್ 0.40, ವಿಎಎಸ್ 12 ಲೀಟರ್. ಮುಚ್ಚಿದ ಡಬ್ಬದಲ್ಲಿ ಬಟರ್‌ವರ್ತ್ ಅಂದರೆ ಒಟ್ಟು ಕ್ಯೂ 0.707 ಬೇಕು. ಡಬ್ಬದ ಗಾತ್ರ = ವಿಎಎಸ್ ÷ ((0.707 ÷ 0.40)ರ ವರ್ಗ − 1). ಲೆಕ್ಕ ಹಾಕಿದರೆ ಸುಮಾರು 5.6 ಲೀಟರ್. ಆಗ 3 ಡೆಸಿಬೆಲ್ ಇಳಿಯುವ ಆವರ್ತನ 50 × 0.707 ÷ 0.40, ಅಂದರೆ 88 ಹರ್ಟ್ಸ್.

"ಚಿಕ್ಕದಾಗಿ, ಚೊಕ್ಕವಾಗಿ ಇರಲಿ" ಅಂತ ಅದೇ ಡ್ರೈವರನ್ನು 2 ಲೀಟರ್ ಡಬ್ಬಕ್ಕೆ ತುರುಕಿದರೆ? ಕ್ಯೂ 1.06ಕ್ಕೆ ಏರುತ್ತೆ, ಅನುರಣನ 132 ಹರ್ಟ್ಸ್‌ಗೆ ಹೋಗುತ್ತೆ, ಅದರ ಸ್ವಲ್ಪ ಮೇಲೆ ಸುಮಾರು 1.6 ಡೆಸಿಬೆಲ್ ಗುಬ್ಬು ಏಳುತ್ತೆ. ಅಗ್ಗದ ಪುಟ್ಟ ಸ್ಪೀಕರ್‌ಗಳ "ಡುಬ್ ಡುಬ್" ಸದ್ದಿನಲ್ಲಿ ಇದರ ಪಾಲೂ ಇದೆ. ಅದು ನಿಜವಾದ ಬೇಸ್ ಅಲ್ಲ, ಬೇಸ್‌ನ ವೇಷ.

ಪೋರ್ಟ್ ಇರುವ ಡಬ್ಬವಾದರೆ ಇದೇ ಡ್ರೈವರ್‌ಗೆ ಸುಮಾರು 13 ಲೀಟರ್, 48 ಹರ್ಟ್ಸ್‌ಗೆ ಟ್ಯೂನ್ ಮಾಡಿದ ಪೈಪ್. ಆಗ 47 ಹರ್ಟ್ಸ್‌ವರೆಗೆ ಇಳಿಯಬಹುದು. ಆದರೆ ಅದರ ಕೆಳಗೆ ಆಕ್ಟೇವ್‌ಗೆ 24 ಡೆಸಿಬೆಲ್‌ನಂತೆ ಧೊಪ್ಪನೆ ಬೀಳುತ್ತೆ, ಮುಚ್ಚಿದ ಡಬ್ಬ 12 ಡೆಸಿಬೆಲ್‌ನಂತೆ ನಿಧಾನಕ್ಕೆ ಇಳಿಯುತ್ತೆ. ಚಿಕ್ಕ ಕೋಣೆಯಲ್ಲಿ ಮೊದಲ ಸಲ ಮಾಡುವವರಿಗೆ ಮುಚ್ಚಿದ ಡಬ್ಬವೇ ವಾಸಿ. ಲೆಕ್ಕ ಸುಲಭ, ಸಣ್ಣಪುಟ್ಟ ವ್ಯತ್ಯಾಸಕ್ಕೆ ಕೆಡಲ್ಲ. ಬಿಬಿಸಿ 1970ರ ದಶಕದಲ್ಲಿ ತನ್ನ ಹೊರಾಂಗಣ ಪ್ರಸಾರದ ವ್ಯಾನ್‌ಗಳಿಗಾಗಿ ರೂಪಿಸಿದ ಎಲ್‌ಎಸ್3/5ಎ ಕೂಡ ಸುಮಾರು 5 ಲೀಟರ್‌ನ ಮುಚ್ಚಿದ ಡಬ್ಬವೇ. ವ್ಯಾನ್ ಅಂದರೆ ನಮ್ಮ ರೂಮಿಗಿಂತ ಚಿಕ್ಕದು. ಮಾತು ಮಾತಿನ ಹಾಗೇ ಕೇಳಬೇಕು ಅನ್ನೋದೇ ಅಲ್ಲಿ ಮುಖ್ಯ ಗುರಿ.

ಡಬ್ಬಕ್ಕೆ 18 ಮಿಲಿಮೀಟರ್ ಎಂಡಿಎಫ್ ಅಥವಾ ಒಳ್ಳೆ ಪ್ಲೈವುಡ್ ಸಾಕು. ಒಳಗೆ ಎದುರುಬದುರು ಗೋಡೆಗಳ ನಡುವೆ ಒಂದು ಅಡ್ಡಪಟ್ಟಿ ಕೊಡಿ, ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ತುಂಬಿ. ಕೀಲುಗಳಲ್ಲಿ ಎಲ್ಲೂ ಗಾಳಿ ಸೋರಬಾರದು. ಕೋನನ್ನು ಮೆಲ್ಲಗೆ ಒಳಕ್ಕೆ ಒತ್ತಿ ಬಿಟ್ಟಾಗ ಅದು ಸ್ವಲ್ಪ ನಿಧಾನವಾಗಿ ವಾಪಸ್ ಬಂದರೆ ಡಬ್ಬ ಭದ್ರ ಅಂತ ಲೆಕ್ಕ.

ವ್ಯಾಟ್ ಲೆಕ್ಕ

ಪಿಎಂಪಿಒ ನಂಬುವವರಿಗೆ ಒಂದು ಲೆಕ್ಕ. ಒಂದು ಸದ್ದನ್ನು ಅಷ್ಟೇ ಜೋರಾಗಿ ಒಂದು ಆಕ್ಟೇವ್ ಕೆಳಗೆ ನುಡಿಸಬೇಕಾದರೆ ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಓಡಾಡಬೇಕು. ನಮ್ಮ 5 ಇಂಚಿನ ಕೋನ್‌ನ ವಿಸ್ತೀರ್ಣ ಸುಮಾರು 85 ಚದರ ಸೆಂಟಿಮೀಟರ್. ಅದು ಒಂದು ಕಡೆಗೆ 4 ಮಿಲಿಮೀಟರ್ ಚಲಿಸಬಲ್ಲದು ಅಂದುಕೊಂಡರೆ, 100 ಹರ್ಟ್ಸ್‌ನಲ್ಲಿ 1 ಮೀಟರ್ ದೂರಕ್ಕೆ ಸುಮಾರು 99 ಡೆಸಿಬೆಲ್ ಕೊಡಬಹುದು. 50 ಹರ್ಟ್ಸ್‌ನಲ್ಲಿ 87 ಮಾತ್ರ. ಇದು ಹಿಂದೆ ಗೋಡೆ ಇದೆ ಅಂತ ಇಟ್ಟುಕೊಂಡ ಲೆಕ್ಕ. ಮಿತಿ ಹಾಕೋದು ಚಲನೆ, ಆಂಪ್ಲಿಫೈಯರ್ ಅಲ್ಲ. ಎಷ್ಟೇ ವ್ಯಾಟ್ ಸುರಿದರೂ ಕಾಯಿಲ್ ಸುಡುತ್ತೆ ಹೊರತು ಬೇಸ್ ಬರಲ್ಲ.

ಸೆನ್ಸಿಟಿವಿಟಿ 86 ಡೆಸಿಬೆಲ್ ಇರುವ ಸ್ಪೀಕರ್ 1 ವ್ಯಾಟ್‌ಗೆ 1 ಮೀಟರ್‌ನಲ್ಲಿ 86 ಡೆಸಿಬೆಲ್ ಕೊಡುತ್ತೆ. ಶಕ್ತಿ ಎರಡು ಪಟ್ಟಾದಾಗಲೆಲ್ಲ 3 ಡೆಸಿಬೆಲ್ ಏರಿಕೆ, ಹಾಗಾಗಿ 16 ವ್ಯಾಟ್‌ಗೆ 98. ರೂಮಿಗೆ ಇದು ಧಾರಾಳ. ಪಕ್ಕದ ರೂಮಿನವರು ಬಾಗಿಲು ಬಡಿಯೋಕೆ ಇದರ ಅರ್ಧವೂ ಬೇಡ.

ಕ್ರಾಸ್‌ಓವರ್: ಕೈ ಬದಲಾಗುವ ಜಾಗ

ಒಂದೇ ಕೋನ್‌ನಿಂದ ಎಲ್ಲ ಆವರ್ತನ ತರೋಕೆ ಆಗಲ್ಲ. ತರಂಗದೂರ ಕೋನ್‌ನ ವ್ಯಾಸಕ್ಕೆ ಹತ್ತಿರ ಬಂದಂತೆ ಸದ್ದು ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಮಾತ್ರ ಹೋಗುತ್ತೆ. ನಮ್ಮ ಕೋನ್‌ನ ವ್ಯಾಸ ಸುಮಾರು 10.4 ಸೆಂಟಿಮೀಟರ್. ಸದ್ದಿನ ವೇಗ 344 ಮೀಟರ್ ಅಂತ ಇಟ್ಟುಕೊಂಡರೆ ಆ ತರಂಗದೂರ ಬರೋದು 3.3 ಕಿಲೋಹರ್ಟ್ಸ್‌ಗೆ. ಅದಕ್ಕಿಂತ ಸಾಕಷ್ಟು ಮುಂಚೆಯೇ ಟ್ವೀಟರ್‌ಗೆ ಕೊಡಬೇಕು. ಟ್ವೀಟರ್‌ನ ಅನುರಣನ 1 ಕಿಲೋಹರ್ಟ್ಸ್ ಆಸುಪಾಸು ಇದ್ದರೆ ಅದರ ಎರಡು ಪಟ್ಟಾದರೂ ಮೇಲಿರಬೇಕು. ಎರಡೂ ಷರತ್ತು ಸೇರಿಸಿದರೆ ಉಳಿಯೋದು 2ರಿಂದ 2.5 ಕಿಲೋಹರ್ಟ್ಸ್ ಕಿಂಡಿ. ಇದನ್ನು ಲೆಕ್ಕಿಸದೆ 4 ಕಿಲೋಹರ್ಟ್ಸ್‌ನಲ್ಲಿ ಕ್ರಾಸ್ ಮಾಡಿದರೆ ಎದುರಿನ ಗ್ರಾಫ್ ಸಮತಟ್ಟಾಗಿ ಕಂಡರೂ ಪಕ್ಕಕ್ಕೆ ಹೋಗುವ ಸದ್ದಿನಲ್ಲಿ ಹಳ್ಳ ಇರುತ್ತೆ.

ಎರಡನೇ ದರ್ಜೆಯ ಬಟರ್‌ವರ್ತ್ ಫಿಲ್ಟರ್ ಹಾಕಿದರೆ ಕ್ರಾಸ್‌ಓವರ್‌ನಲ್ಲಿ ಎರಡೂ ಡ್ರೈವರ್ 3 ಡೆಸಿಬೆಲ್ ಕೆಳಗೆ, 180 ಡಿಗ್ರಿ ಫೇಸ್ ವ್ಯತ್ಯಾಸದಲ್ಲಿ ಇರುತ್ತವೆ. ಹಾಗೇ ಬಿಟ್ಟರೆ ಸದ್ದು ರದ್ದು, ಒಂದರ ವೈರ್ ತಿರುಗಿಸಿದರೆ 3 ಡೆಸಿಬೆಲ್ ಗುಬ್ಬು. 1976ರಲ್ಲಿ ಸೀಗ್‌ಫ್ರಿಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ ಒಂದು ಚಂದದ ಉಪಾಯ ತಂದರು. ಬಟರ್‌ವರ್ತ್ ಫಿಲ್ಟರನ್ನು ಎರಡು ಸಲ ಸಾಲಾಗಿ ಹಾಕಿ. ಆಗ ಎರಡೂ 6 ಡೆಸಿಬೆಲ್ ಕೆಳಗೆ, ಒಂದೇ ಫೇಸ್‌ನಲ್ಲಿ; ಅರ್ಧ ಪ್ಲಸ್ ಅರ್ಧ ಒಂದು. ಆಕ್ಟೇವ್‌ಗೆ 24 ಡೆಸಿಬೆಲ್‌ನ ಈ ಫಿಲ್ಟರ್ ಇವತ್ತು ಎಲ್ಲ ಕಡೆ ಬಳಕೆಯಲ್ಲಿದೆ. ನೆನಪಿಡಿ, ಇದು ಡ್ರೈವರ್‌ನ ಸ್ವಂತ ಇಳಿತವೂ ಸೇರಿ ಬರಬೇಕಾದ ಒಟ್ಟು ಆಕಾರ. ಸರ್ಕ್ಯೂಟ್ ಒಂದೇ ಅಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿದ್ಧ ಕ್ರಾಸ್‌ಓವರ್ ಬೋರ್ಡ್ ಸಿಗುತ್ತಲ್ಲ, ಅದನ್ನೇ ಹಾಕಿದರೆ ಆಗಲ್ವಾ? ಆಗಲ್ಲ. ಆ ಬೋರ್ಡ್ ಡ್ರೈವರ್ 8 ಓಮ್ ರೆಸಿಸ್ಟರ್ ಅಂತ ತಿಳಿದಿರುತ್ತೆ. ನಿಜವಾದ ಡ್ರೈವರ್‌ನ ಇಂಪೀಡೆನ್ಸ್ ಒಂದು ಕಡೆ 6 ಓಮ್, ಅನುರಣನದಲ್ಲಿ 30 ಓಮ್ ದಾಟಬಹುದು, ಮೇಲೆ ಕಾಯಿಲ್‌ನ ಇಂಡಕ್ಟೆನ್ಸ್‌ನಿಂದ ಮತ್ತೆ ಏರುತ್ತೆ. ಲೋಡ್ ಬದಲಾದರೆ ಫಿಲ್ಟರ್ ಬದಲಾಗುತ್ತೆ. ನೆಟ್‌ವರ್ಕ್ ಅನಾಲಿಸಿಸ್ ಮೇಷ್ಟ್ರು ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತೆ.

ಇದರ ಜೊತೆ ಬ್ಯಾಫಲ್ ಸ್ಟೆಪ್ ಅಂತ ಒಂದು ವಿಷಯ ಇದೆ. ಎತ್ತರದ ಆವರ್ತನಕ್ಕೆ ಡಬ್ಬದ ಮುಖ ಗೋಡೆಯ ಹಾಗೆ, ಎಲ್ಲ ಸದ್ದೂ ಮುಂದಕ್ಕೆ. ಕೆಳಗಿನ ಆವರ್ತನ ಡಬ್ಬವನ್ನು ಸುತ್ತಿಕೊಂಡು ಹಿಂದಕ್ಕೂ ಹೋಗುತ್ತೆ, ಮುಂದೆ 6 ಡೆಸಿಬೆಲ್ ನಷ್ಟ. ಈ ಮೆಟ್ಟಿಲಿನ ಮಧ್ಯಭಾಗ ಸುಮಾರು 115 ÷ ಮೀಟರ್‌ನಲ್ಲಿ ಡಬ್ಬದ ಅಗಲ. 20 ಸೆಂಟಿಮೀಟರ್ ಅಗಲಕ್ಕೆ 575 ಹರ್ಟ್ಸ್. ಇದನ್ನು ಸರಿಪಡಿಸದ ಸ್ಪೀಕರ್‌ನಲ್ಲಿ ಗಂಡು ಧ್ವನಿಯ ಎದೆಯ ಭಾಗ ಕಾಣೆಯಾಗಿ, ತೆಳ್ಳಗೆ, ಮೂಗಿನಿಂದ ಬಂದ ಹಾಗೆ ಕೇಳುತ್ತೆ. ಸ್ಪೀಕರ್ ಗೋಡೆಗೆ ಎಷ್ಟು ಹತ್ತಿರ ಅನ್ನೋದನ್ನು ನೋಡಿಕೊಂಡು 3ರಿಂದ 6 ಡೆಸಿಬೆಲ್ ಪರಿಹಾರ ಕೊಡಬೇಕು.

ಇಷ್ಟನ್ನೂ ಕಾಯಿಲ್, ಕೆಪ್ಯಾಸಿಟರ್‌ಗಳಲ್ಲಿ ಮಾಡಬಹುದು. ವಿದ್ಯಾರ್ಥಿಗೆ ಸುಲಭದ ದಾರಿ ಡಿಜಿಟಲ್. ಎರಡು ಸ್ಟೀರಿಯೊ ಕ್ಲಾಸ್-ಡಿ ಬೋರ್ಡ್, ನಾಲ್ಕು ಔಟ್‌ಪುಟ್‌ನ ಯುಎಸ್‌ಬಿ ಸೌಂಡ್ ಕಾರ್ಡ್, ಲಿನಕ್ಸ್ ಅಥವಾ ರಾಸ್ಪ್‌ಬೆರಿ ಪೈ ಮೇಲೆ ಓಡುವ ಉಚಿತ ಕ್ಯಾಮಿಲ್ಲಾಡಿಎಸ್‌ಪಿ. ಫಿಲ್ಟರ್ ಬದಲಿಸೋಕೆ ಸೋಲ್ಡರಿಂಗ್ ಐರನ್ ಬೇಡ, ಒಂದು ಸಾಲು ಬದಲಿಸಿದರೆ ಸಾಕು. ಒಂದೇ ಎಚ್ಚರಿಕೆ: ಟ್ವೀಟರನ್ನು ನೇರವಾಗಿ ಆಂಪ್ಲಿಫೈಯರ್‌ಗೆ ಜೋಡಿಸಬೇಡಿ. ಸ್ವಿಚ್ ಹಾಕಿದಾಗಿನ ಒಂದು "ಠಪ್" ಸಾಕು ಅದು ಸುಡೋಕೆ. ಸಾಲಿನಲ್ಲಿ 47 ಮೈಕ್ರೊಫ್ಯಾರಡ್‌ನ ನಾನ್-ಪೋಲಾರ್ ಕೆಪ್ಯಾಸಿಟರ್ ಹಾಕಿ. 6 ಓಮ್‌ಗೆ ಅದರ ಕಟ್-ಆಫ್ ಸುಮಾರು 560 ಹರ್ಟ್ಸ್. ಕ್ರಾಸ್‌ಓವರ್‌ಗೆ ದೊಡ್ಡ ತೊಂದರೆ ಕೊಡದೆ ಕಾಪಾಡುತ್ತೆ.

ತಾರಸಿಯೇ ಲ್ಯಾಬ್

ಅಳೆಯದೆ ತಟಸ್ಥ ಸ್ಪೀಕರ್ ಮಾಡೋದು ಆಗದ ಮಾತು. ಕ್ಯಾಲಿಬ್ರೇಷನ್ ಫೈಲ್ ಜೊತೆ ಬರುವ ಯುಎಸ್‌ಬಿ ಅಳತೆ ಮೈಕ್ ಒಂದನ್ನು ನಾಲ್ಕು ಜನ ಸೇರಿ ಕೊಂಡರೆ ಭಾರ ಅನ್ನಿಸಲ್ಲ. ಸಾಫ್ಟ್‌ವೇರ್ ಆದ ರೂಮ್ ಇಕ್ಯೂ ವಿಜಾರ್ಡ್ ಮತ್ತು ಕ್ರಾಸ್‌ಓವರ್ ವಿನ್ಯಾಸಕ್ಕಿರುವ ವಿಟುಯಿಕ್ಸ್‌ಕ್ಯಾಡ್ ಎರಡನ್ನೂ ದುಡ್ಡು ಕೊಡದೆ ಬಳಸಬಹುದು.

ಆನೆಕೋಯಿಕ್ ಚೇಂಬರ್ ಇಲ್ಲವಲ್ಲ ಅಂತ ಚಿಂತೆ ಬೇಡ. 3 ಮೀಟರ್ ಎತ್ತರದ ಕೋಣೆಯಲ್ಲಿ ಸ್ಪೀಕರ್ ಮತ್ತು ಮೈಕನ್ನು ನೆಲದಿಂದ 1.5 ಮೀಟರ್ ಮೇಲೆ, ಒಂದಕ್ಕೊಂದು 1 ಮೀಟರ್ ದೂರದಲ್ಲಿ ಇಡಿ. ನೆಲಕ್ಕೆ ಬಡಿದು ಬರುವ ಸದ್ದು 3.16 ಮೀಟರ್ ಕ್ರಮಿಸುತ್ತೆ, ನೇರ ಸದ್ದಿಗಿಂತ 2.16 ಮೀಟರ್ ಹೆಚ್ಚು, ಅಂದರೆ 6.3 ಮಿಲಿಸೆಕೆಂಡ್ ತಡ. ಇಂಪಲ್ಸ್ ರೆಸ್ಪಾನ್ಸನ್ನು ಅಷ್ಟಕ್ಕೇ ಕತ್ತರಿಸಿದರೆ ಉಳಿಯೋದು ಬರೀ ಸ್ಪೀಕರ್. ಬೆಲೆ ಏನು? 6.3 ಮಿಲಿಸೆಕೆಂಡ್‌ನ ತಲೆಕೆಳಗು, 160 ಹರ್ಟ್ಸ್. ಅದಕ್ಕಿಂತ ಕೆಳಗಿನದನ್ನು ಈ ಅಳತೆ ಹೇಳಲ್ಲ. ಅದಕ್ಕೆ ಮೈಕನ್ನು ಕೋನ್‌ಗೆ ಅರ್ಧ ಸೆಂಟಿಮೀಟರ್ ಹತ್ತಿರ ಹಿಡಿದು ಬೇರೆ ಅಳೆದು, ಎರಡನ್ನೂ ಜೋಡಿಸಬೇಕು.

ಪಕ್ಕದ ಗೋಡೆಗಳು ಹತ್ತಿರ ಇದ್ದರೆ ತಾರಸಿಗೆ ಹೋಗಿ. ಅಲ್ಲಿ ನೆಲ ಬಿಟ್ಟರೆ ಬೇರೆ ಪ್ರತಿಫಲನ ಇಲ್ಲ. ಬೆಳಗಿನ ಜಾವ ಗಾಳಿ ಕಮ್ಮಿ. ಉಪ್ಪಾರಹಳ್ಳಿ ಕಡೆಯವರು ರೈಲು ಹೋಗೋವರೆಗೆ ಕಾಯಬೇಕು, ಅಷ್ಟೇ! ಸ್ಟೂಲ್ ಮೇಲೆ ಕೋನಮಾಪಕದ ಗೆರೆ ಹಾಕಿದ ಹಲಗೆ ಇಟ್ಟು, ಸ್ಪೀಕರನ್ನು 0ಯಿಂದ 90 ಡಿಗ್ರಿವರೆಗೆ 10 ಡಿಗ್ರಿಗೊಮ್ಮೆ ತಿರುಗಿಸುತ್ತಾ ಅಳೆಯಿರಿ. ಹತ್ತು ಗೆರೆಗಳು ಒಂದರ ಕೆಳಗೊಂದು ಮೆಟ್ಟಿಲಿನ ಹಾಗೆ ನುಣುಪಾಗಿ ಇಳಿದರೆ ಗೆದ್ದ ಹಾಗೆ. ಎಲ್ಲೋ ಒಂದು ಕಡೆ ಗೆರೆಗಳು ಹತ್ತಿರ ಸೇರಿ ಮತ್ತೆ ಅಗಲವಾದರೆ, ಅಲ್ಲಿ ತೊಂದರೆ ಇದೆ.

ಕೊನೆಯ ಡ್ರೈವರ್ ನಮ್ಮ ರೂಮು

ಸ್ಪೀಕರ್ ಎಷ್ಟೇ ತಟಸ್ಥವಾಗಿರಲಿ, ಕೆಳ ಆವರ್ತನದಲ್ಲಿ ಮಾತಾಡೋದು ಕೋಣೆ. 10 ಅಡಿ ಅಂದರೆ 3.05 ಮೀಟರ್. ಎರಡು ಗೋಡೆಗಳ ನಡುವಿನ ಮೊದಲ ನಿಂತ ಅಲೆ 344 ÷ (2 × 3.05), ಅಂದರೆ 56 ಹರ್ಟ್ಸ್. 10×10 ರೂಮಿಗೆ ಸೀಲಿಂಗೂ 10 ಅಡಿ ಇದ್ದರೆ ಮೂರು ದಿಕ್ಕಿನದ್ದೂ ಅದೇ 56ರ ಮೇಲೆ ಕೂರುತ್ತೆ. ಬಾಡಿಗೆ ರೂಮುಗಳಲ್ಲಿ ಒಂದೇ ಒಂದು ಸ್ವರ ಗುಡುಗೋದು, ಉಳಿದದ್ದು ಕೇಳಿಸದೇ ಇರೋದು ಇದಕ್ಕೇ. ಘನಾಕಾರದ ಕೋಣೆ ಧ್ವನಿಗೆ ಅತಿ ಕೆಟ್ಟ ಆಕಾರ.

ಎರಡನೇದು ಪ್ರತಿಧ್ವನಿ. ಸೆಬೈನ್ ಸೂತ್ರ: 0.161 × ಗಾತ್ರ ÷ ಒಟ್ಟು ಹೀರಿಕೆ. ನಮ್ಮ ಕೋಣೆಯ ಗಾತ್ರ 28.4 ಘನ ಮೀಟರ್, ಮೇಲ್ಮೈ 56 ಚದರ ಮೀಟರ್. ಖಾಲಿ ಸಿಮೆಂಟ್ ಗೋಡೆ, ಗ್ರಾನೈಟ್ ನೆಲ ಸರಾಸರಿ ಶೇಕಡಾ 3ರಷ್ಟು ಹೀರಿದರೆ ಸದ್ದು ಸಾಯೋಕೆ 2.7 ಸೆಕೆಂಡ್. ದೇವಸ್ಥಾನದ ಪ್ರಾಂಗಣ! ಹಾಸಿಗೆ, ಕಂಬಳಿ, ಗೋಡೆಗೆ ನೇತುಹಾಕಿದ ಬಟ್ಟೆ, ಪುಸ್ತಕದ ಕಪಾಟು, ದಪ್ಪ ಕರ್ಟನ್ ಎಲ್ಲ ಸೇರಿ ಹೀರಿಕೆ 9 ಚದರ ಮೀಟರ್‌ಗೆ ಬಂದರೆ ಸುಮಾರು 0.5 ಸೆಕೆಂಡ್. ಇದು ಸಾಕು. ರೂಮನ್ನು ಅಸ್ತವ್ಯಸ್ತವಾಗಿ ಇಟ್ಟುಕೊಳ್ಳೋರಿಗೆ ಭೌತಶಾಸ್ತ್ರದ ಬೆಂಬಲ ಇದೆ ಅಂತಾಯ್ತು.

ಈ ಕೋಣೆಯಲ್ಲಿ ಸುಮಾರು 265 ಹರ್ಟ್ಸ್ ಕೆಳಗೆ ಕೋಣೆಯದ್ದೇ ದರ್ಬಾರು, ಮೇಲೆ ಸ್ಪೀಕರ್‌ನದ್ದು. ಇದಕ್ಕೆ ಶ್ರೋಡರ್ ಆವರ್ತನ ಅಂತಾರೆ. ಈಕ್ವಲೈಜರ್ ಬಳಸುವ ಸೂತ್ರವೂ ಇದರಿಂದಲೇ ಬರುತ್ತೆ. ಇದರ ಕೆಳಗೆ, ಕೂರುವ ಜಾಗದಲ್ಲಿ ಅಳೆದು ಗುಬ್ಬುಗಳನ್ನು ಇಳಿಸಿ. ಗುಂಡಿಗಳನ್ನು ತುಂಬೋಕೆ ಹೋಗಬೇಡಿ. ಅಲ್ಲಿ ಎಷ್ಟು ಸುರಿದರೂ ರದ್ದಾಗುತ್ತೆ, ಕೋನ್ ಮಾತ್ರ ದಣಿಯುತ್ತೆ. ಇದರ ಮೇಲೆ, ತಾರಸಿಯಲ್ಲಿ ಅಳೆದ ಸ್ಪೀಕರ್‌ನ ಗ್ರಾಫ್ ನೋಡಿಯೇ ತಿದ್ದಿ. ಕೋಣೆಯಲ್ಲಿ ಅಳೆದ ಅಂಕುಡೊಂಕನ್ನೆಲ್ಲ ಸಪಾಟು ಮಾಡೋಕೆ ಹೋದರೆ ಸರಿ ಇದ್ದ ಸ್ಪೀಕರ್ ಕೆಡುತ್ತೆ.

ಇಡುವ ಜಾಗವೂ ಮುಖ್ಯ. ಟ್ವೀಟರ್ ಕಿವಿಯ ಎತ್ತರದಲ್ಲಿರಲಿ, ಎರಡು ಸ್ಪೀಕರ್ ಮತ್ತು ನೀವು ಸಮಬಾಹು ತ್ರಿಕೋನವಾಗಲಿ. ಸ್ಪೀಕರ್‌ನ ಮುಖ ಹಿಂದಿನ ಗೋಡೆಯಿಂದ 60 ಸೆಂಟಿಮೀಟರ್ ದೂರ ಇದ್ದರೆ ಹೋಗಿಬಂದ ಸದ್ದು 143 ಹರ್ಟ್ಸ್‌ನಲ್ಲಿ ರದ್ದು ಮಾಡುತ್ತೆ. ಚಿಕ್ಕ ರೂಮಿನಲ್ಲಿ ಗೋಡೆಗೆ ಸರಿಸಿ, ಮುಖ 30 ಸೆಂಟಿಮೀಟರ್‌ಗೆ ಬಂದರೆ ಆ ಹಳ್ಳ 287ಕ್ಕೆ ಹೋಗುತ್ತೆ. ಅಲ್ಲಿ ಸ್ಪೀಕರ್ ಹಿಂದೆ ಮಡಚಿಟ್ಟ ಒಂದು ದಪ್ಪ ಹಾಸಿಗೆಯೂ ಸ್ವಲ್ಪ ಸಹಾಯ ಮಾಡುತ್ತೆ.

ಮೊದಲ ದಿನ ಬೇಜಾರಾಗುತ್ತೆ

ಇಷ್ಟೆಲ್ಲ ಮಾಡಿ ಸ್ಪೀಕರ್ ಆನ್ ಮಾಡಿದರೆ ಸ್ನೇಹಿತರು ಹೇಳೋ ಮೊದಲ ಮಾತು: "ಬೇಸೇ ಇಲ್ವಲ್ಲೋ?" ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತ ಗಾದೆ ಇದೆಯಲ್ಲ, ಸ್ಪೀಕರ್‌ಗೂ ಅದೇ ಗತಿ. ಉಬ್ಬಿಸಿದ ಸದ್ದಿಗೆ ಒಗ್ಗಿದ ಕಿವಿಗೆ ನಿಜ ಸಪ್ಪೆ ಅನ್ನಿಸುತ್ತೆ. ಒಂದು ವಾರ ಕೊಡಿ. ಒಂದೊಂದು ಹಾಡೂ ಬೇರೆ ಬೇರೆ ಥರ ರೆಕಾರ್ಡ್ ಆಗಿದೆ ಅನ್ನೋದು ಗೊತ್ತಾಗೋಕೆ ಶುರುವಾಗುತ್ತೆ. ಎಲ್ಲ ಹಾಡೂ ಒಂದೇ ಥರ ಗುಡುಗಿದರೆ ಅದು ಸ್ಪೀಕರ್‌ನ ಸದ್ದು. ಒಂದೊಂದು ಹಾಡು ಒಂದೊಂದು ಥರ ಕೇಳಿದರೆ ಅದು ಹಾಡಿನ ಸದ್ದು.

ಪರೀಕ್ಷೆಗೆ ದುಬಾರಿ ಡೆಮೊ ಟ್ರ್ಯಾಕ್ ಬೇಡ. ಅಳತೆ ಮೈಕನ್ನು ಮುಂದಿಟ್ಟುಕೊಂಡು, ನಿಮಗೆ ಚೆನ್ನಾಗಿ ಪರಿಚಯವಿರುವ ಒಬ್ಬರ ಮಾತನ್ನು ಬಯಲಿನಲ್ಲಿ ರೆಕಾರ್ಡ್ ಮಾಡಿ. ರೂಮ್‌ಮೇಟ್ ಆಗಬಹುದು, ಊರಿಂದ ಬಂದ ಅಮ್ಮ ಆಗಬಹುದು. ಅದನ್ನು ಒಂದು ಸ್ಪೀಕರ್‌ನಲ್ಲಿ, ಅವರು ಮಾತಾಡುವಷ್ಟೇ ಜೋರಿನಲ್ಲಿ ಹಾಕಿ, ಪಕ್ಕದಲ್ಲಿ ಅವರನ್ನೇ ನಿಲ್ಲಿಸಿ ಅದೇ ಮಾತು ಹೇಳಿಸಿ. ಬಿಬಿಸಿಯ ಎಂಜಿನಿಯರ್‌ಗಳೂ ಮಾನಿಟರ್‌ಗಳನ್ನು ಹೀಗೆ ಎದುರಿನ ಧ್ವನಿಗೆ ಹೋಲಿಸಿ ನೋಡುತ್ತಿದ್ದರು. ಮನುಷ್ಯನ ಧ್ವನಿಯಷ್ಟು ನಮ್ಮ ಕಿವಿಗೆ ಚೆನ್ನಾಗಿ ಗೊತ್ತಿರೋದು ಇನ್ನೊಂದಿಲ್ಲ.

ಇಸಿ, ಇಇಇ, ಮೆಕ್ಯಾನಿಕಲ್ ಮೂರೂ ಬ್ರಾಂಚಿನವರಿಗೆ ಇದರಲ್ಲಿ ಕೆಲಸ ಇದೆ: ಫಿಲ್ಟರ್ ಒಬ್ಬರಿಗೆ, ಆಂಪ್ಲಿಫೈಯರ್ ಮತ್ತು ಇಂಪೀಡೆನ್ಸ್ ಇನ್ನೊಬ್ಬರಿಗೆ, ಡಬ್ಬದ ಕಂಪನ ಮತ್ತು ಮರಗೆಲಸ ಮತ್ತೊಬ್ಬರಿಗೆ. ಮಿನಿ ಪ್ರಾಜೆಕ್ಟಿಗೆ ಮತ್ತೊಂದು ಲೈನ್ ಫಾಲೋವರ್ ರೋಬೋ ಮಾಡೋ ಬದಲು ಇದನ್ನು ಯೋಚಿಸಿ. ರಿಪೋರ್ಟಿನಲ್ಲಿ ಹತ್ತು ಗೆರೆಗಳ ಆ ಗ್ರಾಫ್ ಹಾಕಿ, ವೈವಾದಲ್ಲಿ ಸ್ಪೀಕರನ್ನೇ ಮಾತಾಡೋಕೆ ಬಿಡಿ. "ಉಪ್ಪಾರಹಳ್ಳಿ" ಅಂದದ್ದು ಉಪ್ಪಾರಹಳ್ಳಿ ಅಂತಲೇ ಕೇಳಿಸಿದರೆ ಸಾಕು.